ಸವತಿಯೊಡನೆ ಅಂಡಮಾನ್

ಫೆಬ್ರುವರಿ ೪, ಮಂಗಳವಾರ
ಪೋರ್ಟ್ ಬ್ಲೇರ್

ಅವಳೂ ಬಂದಿದ್ದಾಳೆ.

ಬೆಳಗಿನ ಜಾವ ಸೋಲೂರು ಸರ್ಕಲ್‌ನಲ್ಲಿ ನಾನು ಟೂರಿನ ಟಿಟಿ ಗಾಡಿ ಹತ್ತಿದಾಗ ಇನ್ನೂ ಕತ್ತಲು. ಮಾಗಡಿಯಿಂದ ಬಂದ ಹೆಂಗಸರೆಲ್ಲ ತಲೆಗೆ ಶಾಲು ಸುತ್ತಿಕೊಂಡು ನಿದ್ದೆಯಲ್ಲಿದ್ದರು. ನಾನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತೆ, ತಿರುಗಿ ನೋಡಲಿಲ್ಲ. ವಿಮಾನ ನಿಲ್ದಾಣದ ಬೆಳಕಿನಲ್ಲಿ ಬ್ಯಾಗು ಇಳಿಸಿಕೊಳ್ಳುವಾಗ ಕೊನೆಯ ಸೀಟಿನಿಂದ ಇಳಿದಳು. ನೇರಳೆ ಚೂಡಿದಾರ, ಕಾಲಿಗೆ ಬಿಳಿ ಬೂಟು. ನಲವತ್ತೈದು ದಾಟಿದ ಹೆಂಗಸು ಉಡುವ ಬಟ್ಟೆಯೇ ಅದು? ಲತಾಮಣಿ. ನನ್ನ ಗಂಡನ ಎರಡನೆಯ ಹೆಂಡತಿ. ಇಪ್ಪತ್ತೈದು ವರ್ಷಗಳಲ್ಲಿ ಅವಳನ್ನು ಇಷ್ಟು ಹತ್ತಿರದಿಂದ ನೋಡಿದ್ದು ಬೆರಳೆಣಿಕೆಯಷ್ಟು ಸಲ, ಅದೂ ಸಾವಿನ ಮನೆಗಳಲ್ಲಿ.

ಅವರು ನನಗೆ ಹೇಳಿದ್ದು ಬೇರೆ. ‘ಅಂಗನವಾಡಿ ಕೆಲ್ಸ ಬುಟ್ಮೇಲೆ ಮನೆ ಬುಟ್ಟು ಕದ್ಲಿಲ್ಲ ನೀನು. ನಿಂಗಂತ್ಲೇ ಬುಕ್ ಮಾಡ್ಸಿವ್ನಿ, ರೇವಾ. ಮಾಗ್ಡೀಲಿ ಅವ್ಳ ಕಿವಿಗೆ ಬೀಳೋದು ಬ್ಯಾಡ, ಉರ್ಕಂತಾಳೆ’ ಎಂದಿದ್ದರು. ಪಕ್ಕದ ಮನೆಯವರಿಗೂ ಹೇಳದೆ ಬಾಯಿ ಮುಚ್ಚಿಕೊಂಡು ಬಂದೆ. ಮಾಗಡಿ ಮನೆಗೆ ಸಿಗದ್ದು ಒಂದಾದರೂ ಸೋಲೂರು ಮನೆಗೆ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ. ಈಗ ನಾಚಿಕೆಯಾಗುತ್ತಿದೆ.

ಟೂರ್ ನಡೆಸುವವಳು ಮಾಗಡಿಯ ಯಶೋಧಾ. ಹೆಂಗಸರನ್ನೇ ಗುಂಪು ಕಟ್ಟಿ ಕಾಶಿ, ರಾಮೇಶ್ವರ ತೋರಿಸಿದವಳು, ಈ ಸಲ ಅಂಡಮಾನ್. ಅವಳನ್ನು ಮೂಲೆಗೆ ಕರೆದು ಕೇಳಿದೆ.

‘ಬಸವಲಿಂಗಯ್ಯನೋರೇ ಬಂದು ಇಬ್ರುದೂ ಒಟ್ಗೆ ಬರೆಸಿ ಹೋದ್ರಲ್ಲ. ನಿಮಗೆ ಗೊತ್ತಿಲ್ವಾ? ಇಬ್ರೂ ರಾಜಿ ಆಗವ್ರೆ, ಒಳ್ಳೇದಾಯ್ತು ಅಂದ್ಕಂಡೆ ನಾನು.’

ಲತಾಮಣಿ ನನ್ನ ಕಡೆ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಅವಳಿಗೂ ಗೊತ್ತಿರಲಿಲ್ಲ ಎಂಬಂತೆ ಒಳ್ಳೆ ನಾಟಕ.

ಇಲ್ಲಿ ಹೋಟೆಲಿಗೆ ಬಂದ ಮೇಲೆ ಇನ್ನೊಂದು. ಎಲ್ಲರೂ ಜೋಡಿ ಜೋಡಿಯಾಗಿ ಬಂದಿದ್ದಾರೆ. ಅತ್ತಿಗೆ ನಾದಿನಿ, ತಾಯಿ ಮಗಳು, ಅಕ್ಕಪಕ್ಕದ ಮನೆಯವರು. ಉಳಿದವರು ನಾವಿಬ್ಬರು. ಬೇರೆ ಕೋಣೆ ಇಲ್ಲವಂತೆ. ಕೂಡಿಸಿಟ್ಟಿದ್ದ ಎರಡು ಮಂಚವನ್ನು ನಾನೇ ಎಳೆದು ದೂರ ಮಾಡಿದೆ, ನಡುವೆ ನನ್ನ ಬ್ಯಾಗು ಇಟ್ಟೆ.

ಮಧ್ಯಾಹ್ನ ಕಾರ್ಬಿನ್ಸ್ ಕೋವ್ ಎಂಬ ಬೀಚು. ತೆಂಗಿನ ಮರ, ಮರಳು, ನೀರು. ತೆಂಗು ನೋಡಲು ಇಷ್ಟು ದೂರ ಬರಬೇಕಿತ್ತೆ? ಸಮುದ್ರ ನಾನು ಹಿಂದೆಯೇ ಕಂಡಿದ್ದೇನೆ, ಮುರುಡೇಶ್ವರದಲ್ಲಿ, ಅವರ ಜೊತೆ. ಇವಳು ಬರುವುದಕ್ಕಿಂತ ಮುಂಚೆ.

ಸಂಜೆ ಫೋನ್ ಮಾಡಿದರು. ಕೇಳಿದೆ. ‘ಬ್ಯಾರೆ ಬ್ಯಾರೆ ಬ್ಯಾಚು ಅಂದಿದ್ರು ಕಣಮ್ಮಿ. ಆ ಯಶೋಧಮ್ಮ ಎಡವಟ್ ಮಾಡವ್ಳೆ. ಒಸಿ ಹೊಂದ್ಕೊಂಡು ಹೋಗು, ನೀನು ದೊಡ್ಡೋಳು’ ಎಂದರು.

ದೊಡ್ಡವಳು. ಈ ಮಾತು ಬಂದಾಗಲೆಲ್ಲ ನನ್ನ ತಟ್ಟೆಯಿಂದ ಏನೋ ಒಂದು ಹೋಗುತ್ತದೆ. ಆದರೆ ಅವರೇನು ಮಾಡುತ್ತಾರೆ, ತಪ್ಪು ಯಶೋಧಾಳದು.

ಅಂಗನವಾಡಿಯಲ್ಲಿ ದಿನಾ ಬರೆದು ರೂಢಿಯಾದ ಕೈ ಇದು. ಯಾರಿಗೂ ಹೇಳಿಕೊಳ್ಳಲಾಗದ್ದನ್ನು ಎಲ್ಲಾದರೂ ಇಳಿಸಬೇಕು. ಅವಳು ಸ್ನಾನಕ್ಕೆ ಹೋಗಿದ್ದಾಳೆ. ಒಳಗೆ ಹಾಡಿಕೊಳ್ಳುತ್ತಿದ್ದಾಳೆ.

ಫೆಬ್ರುವರಿ ೫, ಬುಧವಾರ

ಕೋಣೆಯಲ್ಲಿ ಇರುವುದು ಒಂದೇ ಮೇಜು. ಬೆಳಿಗ್ಗೆ ಅದರ ಮುಂದೆ ಕೂತು ಲಿಂಗಪೂಜೆ ಮಾಡಿಕೊಂಡೆ, ಬೇಕೆಂದೇ ನಿಧಾನ ಮಾಡಿದೆ. ಅವಳು ಒದ್ದೆ ತಲೆಯಲ್ಲಿ ಮಂಚದ ಮೇಲೆ ಕಾಯುತ್ತಾ ಕೂತಿದ್ದಳು. ನಾನು ಎದ್ದಾಗ ಕೇಳಿದಳು: ‘ಅಕ್ಕ, ಒಸಿ ವಿಭೂತಿ ತಕ್ಕೋಬೋದಾ? ನಾನು ತರೋದು ಮರ್ತೆ.’

ಇಷ್ಟು ವರ್ಷಗಳಲ್ಲಿ ನನ್ನೊಡನೆ ಅವಳಾಡಿದ ಮೊದಲ ಮಾತು. ಅಕ್ಕ ಅಂತೆ. ವಿಭೂತಿ ಗಟ್ಟಿಯನ್ನು ಬೆರಳ ತುದಿಯಿಂದ ಅವಳ ಕಡೆ ತಳ್ಳಿದೆ.

ಇವಳೇ ಅಲ್ಲವೆ, ಮದುವೆಯಾದ ಹೊಸದರಲ್ಲಿ ನನ್ನದೇ ಸೀರೆ ಉಟ್ಟುಕೊಂಡು ನನ್ನ ಬಾಗಿಲಿಗೆ ಬಂದವಳು? ನನ್ನ ಪೆಟ್ಟಿಗೆಯಲ್ಲಿದ್ದ ಹಸಿರು ಸೀರೆ, ಕೆಂಪು ಅಂಚು. ಗಂಡನನ್ನು ತೆಗೆದುಕೊಂಡಿದ್ದು ಸಾಲದೆಂದು ಅದನ್ನೂ ತೆಗೆದುಕೊಂಡು, ನನ್ನ ಕಣ್ಣಿಗೇ ಹಿಡಿದು ತೋರಿಸಲು ಬಂದಿದ್ದಳು. ಮುಖದ ಮೇಲೆ ಬಾಗಿಲು ಹಾಕಿದ್ದೆ. ಆ ಸದ್ದು ನೆನೆಸಿಕೊಂಡರೆ ಇವತ್ತಿಗೂ ಹಿತವಾಗುತ್ತದೆ.

ವಂಡೂರ್ ಬೀಚಿಗೆ ಕರೆದುಕೊಂಡು ಹೋದರು. ದಂಡೆಯಲ್ಲೇ ಮೊಸಳೆ ಇದೆ ಎಂಬ ಬೋರ್ಡು, ನೀರಿನೊಳಗೆ ಬಲೆ ಕಟ್ಟಿದ್ದಾರೆ. ಬಲೆ ದಾಟಬೇಡಿ ಎಂದು ಯಶೋಧಾ ಎಲ್ಲರಿಗೂ ಹೇಳಿ ಹೇಳಿ ಸೋತಳು. ಲತಾಮಣಿ ಚೂಡಿದಾರವನ್ನು ಮೊಣಕಾಲಿನವರೆಗೆ ಮಡಿಸಿ ನೀರಿಗಿಳಿದಳು, ಬಲೆಯ ಹಗ್ಗ ಹಿಡಿದು ನಿಂತು ಪಟ ತೆಗೆದುಕೊಂಡಳು. ದಾಟಿದರೆ ದಾಟಲಿ ಎಂದುಕೊಂಡೆ.

ಸಂಜೆ ಅವರ ಫೋನು. ‘ನೀನಿಲ್ದೆ ಮನೆ ಬಿಕೋ ಅಂತೈತೆ ಕಣಮ್ಮಿ. ನಿನ್ ಕೈ ಸಾರಿಲ್ದೆ ಬಾಯೇ ಕೆಟ್ಟೋಗೈತೆ.’ ಕೇಳಿ ಮನಸ್ಸು ತಂಪಾಯಿತು. ಸಾರಿನ ಪುಡಿ ಯಾವ ಡಬ್ಬಿಯಲ್ಲಿದೆ ಎಂದೂ ಹೇಳಿದೆ.

ಒಂದರ್ಧ ಗಂಟೆ ಕಳೆದು ಅವಳ ಫೋನು ಬಡಿಯಿತು. ಬಾಲ್ಕನಿಗೆ ಹೋಗಿ ಜೋರಾಗಿ ಕೇಳಿಸುವಂತೆ ಇಟ್ಟುಕೊಂಡು ಮಾತಾಡುತ್ತಾಳೆ. ‘ನೀನಿಲ್ದೆ ಮನೆ ಬಿಕೋ ಅಂತೈತೆ ಕಣೆ. ನಿನ್ ಕೈ ಸಾರಿಲ್ದೆ ಬಾಯೇ ಕೆಟ್ಟೋಗೈತೆ.’

ಅಕ್ಷರ ಆಚೀಚೆ ಇಲ್ಲ. ಅವಳು ನಕ್ಕಳು. ನನಗೆ ಕೇಳಿಸಲಿ ಎಂದೇ ನಕ್ಕಿರಬೇಕು.

ಫೆಬ್ರುವರಿ ೬, ಗುರುವಾರ
ಹ್ಯಾವ್ಲಾಕ್ ದ್ವೀಪ

ಹಡಗಿನಲ್ಲಿ ಅವಳ ಪಕ್ಕದ ಸೀಟು. ಹೊರಟು ಸ್ವಲ್ಪ ಹೊತ್ತಿಗೇ ಮುಖ ಹಸಿರಾಗಿ ಕವರಿಗೆ ವಾಂತಿ ಮಾಡತೊಡಗಿದಳು. ಸಿಂಗಾರ ಎಲ್ಲ ಇಳಿದು ಹೋಯಿತು. ನಾನು ಮುಖ ತಿರುಗಿಸಿದೆ. ಮೂರನೆಯ ಸಲಕ್ಕೆ ಸೆರಗಿನ ಗಂಟಿನಲ್ಲಿದ್ದ ಒಣ ಶುಂಠಿ ತೆಗೆದು ಅವಳ ಕೈಗೆ ಹಾಕಿದೆ. ‘ಅಗೀಬೇಡ, ದವಡೇಲಿ ಇಟ್ಕೊ’ ಎಂದೆ. ಕಾರಣ ಇಷ್ಟೇ, ಆ ವಾಸನೆ ನನಗೆ ತಡೆಯಲಾಗುತ್ತಿರಲಿಲ್ಲ.

ರಾಧಾನಗರ ಬೀಚು. ಕಾಡಿನ ದೊಡ್ಡ ದೊಡ್ಡ ಮರಗಳು ಮರಳಿನವರೆಗೂ ಬಂದು ನಿಂತಿವೆ. ಹೊಗಳುವವರು ಹೊಗಳಿಕೊಳ್ಳಲಿ. ನಮ್ಮ ಗುಂಪಿನ ಹೆಂಗಸರು ಸೀರೆ ಎತ್ತಿ ಕಟ್ಟಿ ಕೆರೆಯ ಎಮ್ಮೆಗಳ ಹಾಗೆ ನೀರಿನಲ್ಲಿ ಕೂತರು. ಸ್ವಲ್ಪ ಮುಂದೆ ಹೋದರೂ ಕಾವಲಿನವನು ಸೀಟಿ ಊದುತ್ತಿದ್ದ.

ಕೆಂಪಾಪುರದ ಬೈರಮ್ಮ ಎಪ್ಪತ್ತರ ಮುದುಕಿ. ನಾಲಿಗೆಗೆ ಮೂಳೆಯಿಲ್ಲ. ಎಲ್ಲರೆದುರಿಗೆ ಕೇಳಿದಳು: ‘ಏನ್ ರೇವಮ್ಮ, ಇಬ್ರುಗೂ ಒಂದೇ ರೂಮಂತೆ? ಬಸವಲಿಂಗಯ್ಯ ಪುಣ್ಯವಂತ ಬುಡು, ಎರ್ಡು ಹಸೂನೂ ಒಂದೇ ಗೂಟಕ್ಕೆ ಕಟ್ಟವ್ನೆ.’

ಎಲ್ಲರೂ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೆ ಅನ್ನಿಸಿತು. ಆಗ ಅವಳು, ಲತಾಮಣಿ, ತಲೆಯ ನೀರು ಹಿಂಡಿಕೊಳ್ಳುತ್ತಾ ಹೇಳಿದಳು: ‘ನೀವೂ ಬನ್ನಿ ಬೈರಮ್ಮನೋರೆ. ಗೂಟ ಗಟ್ಟಿ ಐತೆ, ಇನ್ನೊಂದು ಮುದಿ ಹಸೂಗೂ ಜಾಗ ಆಯ್ತದೆ.’

ನಗು ಬೈರಮ್ಮನ ಕಡೆಗೆ ತಿರುಗಿತು. ನನಗೂ ನಗು ಬಂದಿತ್ತು, ಸಮುದ್ರದ ಕಡೆ ಮುಖ ಮಾಡಿ ನುಂಗಿಕೊಂಡೆ. ಅವಳ ಮಾತಿಗೆ ನಗುವ ಗತಿ ನನಗೆ ಬಂದಿಲ್ಲ.

ಇಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಹೊತ್ತು ಹೋಗುವುದೇ ಇಲ್ಲ.

ಫೆಬ್ರುವರಿ ೭, ಶುಕ್ರವಾರ

ಇವತ್ತು ನಡೆದದ್ದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಹೊತ್ತು ಕೂತಿದ್ದೆ.

ಬೆಳಿಗ್ಗೆ ವಿಜಯನಗರ ಎಂಬ ಬೀಚು. ಹೆಸರು ಕೇಳಿ ಎಲ್ಲರಿಗೂ ಖುಷಿ, ನಮ್ಮ ಕೆಂಪೇಗೌಡರ ಕಾಲದವರು ಇಲ್ಲಿಗೂ ಬಂದಿದ್ದರೇ ಎಂದು ಬೈರಮ್ಮ ಕೇಳಿದಳು. ಅಲ್ಲಿಂದ ಕಾಲಾಪತ್ಥರ್‌ಗೆ ಹೋದೆವು. ಅಲ್ಲಿ ದಂಡೆಯಲ್ಲಿ ಕಪ್ಪು ಬಂಡೆಗಳು, ಬಿದ್ದು ಒಣಗಿದ ಮರಗಳು. ಕಾವಲಿನವರು ಯಾರೂ ಇರಲಿಲ್ಲ. ಇಲ್ಲಿ ನೀರಿಗಿಳಿಯಬೇಡಿ ಎಂದು ಹೇಳಿ ಯಶೋಧಾ ಎಲ್ಲರನ್ನೂ ರಸ್ತೆ ಬದಿಯ ಅಂಗಡಿಗೆ ಟೀ ಕುಡಿಸಲು ಕರೆದುಕೊಂಡು ಹೋದಳು. ನಾನು ಒಂದು ಮರದ ಬೊಡ್ಡೆಯ ಮೇಲೆ ಕೂತೆ. ಲತಾಮಣಿ ಫೋನನ್ನು ನನ್ನ ಪಕ್ಕ ಇಟ್ಟು, ‘ಒಸಿ ನೋಡ್ಕೊಳಿ ಅಕ್ಕ, ಕಾಲು ನೆನೆಸ್ಕೊಂಡು ಬತ್ತೀನಿ’ ಎಂದು ಹೋದಳು.

ಕಾಲು ನೆನೆಸಿಕೊಳ್ಳುವವಳು ಸೊಂಟದವರೆಗೆ ಹೋದಳು. ಒಂದು ಅಲೆ ಬಂದು ಕೆಡವಿತು. ಎದ್ದಳು. ನಗುತ್ತಾ ನನ್ನ ಕಡೆ ನೋಡಿದಳು. ಹಿಂದಕ್ಕೆ ಹೋಗುವ ನೀರು ಅವಳನ್ನು ಎಳೆಯಿತು, ಮತ್ತೆ ಬಿದ್ದಳು. ಈ ಸಲ ತಲೆ ಕಾಣಲಿಲ್ಲ. ಆಮೇಲೆ ಕೈ ಕಂಡಿತು.

ನಾನು ನೋಡುತ್ತಿದ್ದೆ. ಕೂಗಬಹುದಿತ್ತು, ಅಂಗಡಿ ಕೂಗಳತೆಯಲ್ಲೇ ಇತ್ತು. ಬಾಯಿ ತೆರೆಯಲಿಲ್ಲ. ಇನ್ನೊಂದು ಅಲೆ ಬಂದು ಹೋಗುವಷ್ಟು ಹೊತ್ತು ನಾನು ಕೂತಲ್ಲೇ ಕೂತಿದ್ದೆ. ಅವಳಿಗೂ ಮಕ್ಕಳಿಲ್ಲ, ಮಾಗಡಿ ಮನೆಯ ಬಾಗಿಲಿಗೆ ಬೀಗ ಬಿದ್ದಂತೆ ಕಣ್ಣ ಮುಂದೆ ಬಂತು. ಈಗಿನ ಹಾಗೆ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರವಲ್ಲ, ವಾರವಿಡೀ ಅವರು ಸೋಲೂರಿನಲ್ಲೇ. ಇದೂ ಬಂತು ಮನಸ್ಸಿಗೆ. ಬರೆದುಬಿಡುತ್ತೇನೆ.

ಆಮೇಲೆ ಹೇಗೆ ಎದ್ದೆನೋ ತಿಳಿಯದು. ಚಪ್ಪಲಿಯ ಸಮೇತ ನೀರಿನಲ್ಲಿದ್ದೆ. ಸೀರೆ ಕಾಲಿಗೆ ಸುತ್ತಿಕೊಂಡು ನಾನೂ ಬಿದ್ದೆ, ಬಾಯಿ ತುಂಬ ಉಪ್ಪು. ಅವಳ ಜಡೆ ಕೈಗೆ ಸಿಕ್ಕಿತು. ಎಳೆದೆ. ಬಂಡೆಗೆ ಒಂದು ಕೈ ಕೊಟ್ಟು, ಅವಳ ರಟ್ಟೆ ಹಿಡಿದು, ಇಬ್ಬರೂ ಮೊಣಕಾಲ ಮೇಲೆ ತೆವಳಿಕೊಂಡು ಮರಳಿಗೆ ಬಂದೆವು. ಅವಳ ಮೊಣಕಾಲ ಕೆಳಗೆ ಬಂಡೆ ತರಚಿ ರಕ್ತ ಸುರಿಯುತ್ತಿತ್ತು. ಕೆಮ್ಮಿ ಕೆಮ್ಮಿ ನೀರು ಕಕ್ಕಿದಳು. ಉಸಿರು ಸರಿಯಾದ ಮೇಲೆ ನನ್ನನ್ನೇ ನೋಡಿದಳು.

‘ನೀವು ನೋಡ್ತಾ ಕೂತಿದ್ರಿ’ ಎಂದಳು.

‘ಹೂಂ’ ಎಂದೆ.

ತಲೆಯಾಡಿಸಿದಳು. ಮರಳಿನ ಮೇಲೆ ಅಂಗೈ ಒರೆಸಿಕೊಂಡಳು. ‘ಬಂದ್ರಲ್ಲ’ ಎಂದಳು.

ನಾನು ಸೆರಗು ಹರಿದು ಅವಳ ಕಾಲಿಗೆ ಕಟ್ಟಿದೆ. ಬಿಗಿಯಾಗಿಯೇ ಕಟ್ಟಿದೆ, ನೋವಾದರೆ ಆಗಲಿ ಎಂದು. ಯಶೋಧಾ ಓಡಿ ಬಂದು ಕೇಳಿದಾಗ ‘ಬಂಡೆ ಮ್ಯಾಲೆ ಜಾರ್ದೆ, ಅಕ್ಕ ಹಿಡ್ಕಂಡ್ರು’ ಎಂದಳು. ನಾನು ಕೂತಿದ್ದನ್ನು ಹೇಳಲಿಲ್ಲ.

ಸಂಜೆ ಅವರು ಫೋನ್ ಮಾಡಿದಾಗ ನಾನೇ ಹೇಳಿದೆ, ಲತಾಮಣಿ ನೀರಿಗೆ ಬಿದ್ದಳು, ಕಾಲಿಗೆ ಪೆಟ್ಟಾಗಿದೆ ಎಂದು.

‘ಅವ್ಳು ಯಾವಾಗ್ಲೂ ಹಂಗೇಯ, ಕಣ್ ನೆತ್ತಿ ಮ್ಯಾಲೆ. ಫೋನ್ ನೆನೀತಾ? ದೀಪಾವಳೀಲಿ ಕೊಡ್ಸಿರೋ ಹೊಸಾ ಫೋನದು.’

‘ಇಲ್ಲ. ನನ್ನ ಹತ್ರ ಇತ್ತು.’

‘ಸದ್ಯ’ ಎಂದರು.

ಕಾಲು ಹೇಗಿದೆ ಎಂದು ಕೇಳುತ್ತಾರೇನೋ ಎಂದು ಕಾದೆ. ತಮ್ಮ ವ್ಯಾಪಾರದ ಮಂಡಿಗೆ ತೆಂಗಿನಕಾಯಿ ಲೋಡು ಬಂದಿದೆ, ಫೋನ್ ಇಡುತ್ತೀನಿ ಎಂದರು.

ಫೆಬ್ರುವರಿ ೮, ಶನಿವಾರ
ನೀಲ್ ದ್ವೀಪ

ಲಕ್ಷ್ಮಣಪುರ ಬೀಚಿನಲ್ಲಿ ಎಲ್ಲರೂ ಕಲ್ಲಿನ ಕಮಾನು ನೋಡಲು ದೂರ ನಡೆದು ಹೋದರು. ಕಾಲಿನ ಗಾಯದಿಂದ ಲತಾಮಣಿ ನಡೆಯಲಾರಳು, ಯಾರಾದರೊಬ್ಬರು ಜೊತೆಗಿರಬೇಕು. ಯಶೋಧಾ ನನ್ನನ್ನೇ ಕೂರಿಸಿ ಹೋದಳು. ಇವಳಿಗೆ ನಾನು ಆಯಾ ಎಂದು ಬರೆದುಕೊಟ್ಟಿದ್ದೇನೆಯೆ?

ಒಂದು ಪ್ಲಾಸ್ಟಿಕ್ ಕುರ್ಚಿ ಸಿಕ್ಕಿತು. ಅವಳನ್ನು ಅದರಲ್ಲಿ ಕೂರಿಸಿ ನಾನು ಮರಳಿನ ಮೇಲೆ ಕೂತೆ. ಹುರಿಹಿಟ್ಟು ಕಲೆಸಿಕೊಂಡು ಬಂದಿದ್ದೆ, ಒಂದು ಉಂಡೆ ಕೊಟ್ಟೆ. ತಿನ್ನದೆ ಕೈಯಲ್ಲೇ ಹಿಡಿದುಕೊಂಡಿದ್ದಳು.

‘ಅಕ್ಕ, ಒಂದ್ ಮಾತು ಕೇಳ್ತೀನಿ. ಬೈಬ್ಯಾಡಿ.’

ನಾನು ಹುರಿಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿದೆ.

‘ಅವತ್ತು ನಿಮ್ ಕಾಲಿಗೆ ಬೀಳೋಣ ಅಂತ ಬಂದೆ. ಮುಖದ್ ಮ್ಯಾಲೆ ಬಾಗ್ಲು ಹಾಕ್ಬುಟ್ರಿ. ಯಾಕಕ್ಕ?’

ಕೋಪ ನೆತ್ತಿಗೇರಿತು. ‘ನನ್ನ ಸೀರೆ ಉಟ್ಕೊಂಡು ನನ್ನ ಹೊಸ್ಲಿಗೇ ಬಂದ್ಯಲ್ಲ, ಬಾಗ್ಲು ಹಾಕ್ದೆ ಆರತಿ ಎತ್ಬೇಕಿತ್ತಾ?’

‘ನೀವೇ ಕೊಟ್ ಕಳ್ಸಿದ್ ಸೀರೆ ಅಲ್ವಾ?’

‘ಯಾರು ಹೇಳಿದ್ದು?’

ಅವಳು ನನ್ನ ಮುಖವನ್ನೇ ನೋಡಿದಳು. ತಮಾಷೆ ಮಾಡುತ್ತಿದ್ದೀನೋ ಎಂದು ಹುಡುಕುವವಳ ಹಾಗೆ. ಆಮೇಲೆ ನಿಧಾನವಾಗಿ ಹೇಳಿದಳು. ಅಪ್ಪ ತೀರಿಕೊಂಡಿದ್ದ. ಕುದೂರಿನ ಹಾಸ್ಟೆಲಿನಲ್ಲಿ ಅಮ್ಮನಿಗೆ ಅಡುಗೆ ಕೆಲಸ. ಇವಳಿಗೆ ಇಪ್ಪತ್ತು. ಸೋದರಮಾವನ ಜೊತೆ ಅವರು ಮನೆಗೆ ಬಂದರು. ‘ನಮ್ಮನೆಯೋಳಿಗೆ ಮಕ್ಕಳಿಲ್ಲ, ಅವ್ಳೇ ಹುಡುಗಿ ನೋಡ್ಕೊಂಡು ಬಾ ಅಂತ ಕಳ್ಸವ್ಳೆ, ತನ್ನ ಪೆಟ್ಟಿಗೆ ಸೀರೇನೇ ತೆಗ್ದು ಕೊಟ್ಟವ್ಳೆ ಅಂದ್ರು. ಎರಡ್ನೇ ಸಂಬಂಧಕ್ಕೆ ನಮ್ಮವ್ವ ಸುತರಾಂ ಒಪ್ಪಿರ್ಲಿಲ್ಲ. ಸೀರೆ ನೋಡಿದ್ಮೇಲೆ, ದೊಡ್ಡೋಳೇ ಒಪ್ಪವ್ಳೆ ಅಂದ್ರೆ ಇನ್ನೇನು ಭಯ ಅಂದ್ಬುಟ್ಳು. ನಂಗೆ ಒಡಹುಟ್ದೋರು ಇರ್ಲಿಲ್ಲ. ಗಂಡನ ಜೊತೆಗೆ ಒಬ್ರು ಅಕ್ಕನೂ ಸಿಕ್ತಾರೆ ಅಂತ ಬಂದೆ ನಾನು.’

ಅಲೆಗಳು ಬಂದು ಹೋಗುತ್ತಿದ್ದವು. ನಾನು ಹೇಳಿದೆ: ‘ನಂಗೆ ಹೇಳಿದ್ದು ಬೇರೆ. ಕುದೂರಿನ ಹುಡುಗಿ ಬೆನ್ನು ಬಿದ್ದವ್ಳೆ, ಮದ್ವೆ ಆಗ್ದಿದ್ರೆ ಬಾವಿಗೆ ಬೀಳ್ತೀನಿ ಅಂತವ್ಳೆ, ಒಂದು ಜೀವ ಹೋದ್ರೆ ನಮ್ ತಲೆಗೆ ಬತ್ತದೆ ಅಂದ್ರು. ಕಣ್ಣೀರು ಹಾಕ್ಕೊಂಡು ಹೇಳಿದ್ರು.’

‘ನಾನಾ? ಬಾವೀಗಾ?’ ಎಂದು ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. ‘ನಾನು ಅವ್ರ ಮುಖ ನೋಡಿದ್ದೇ ಆವತ್ತು, ಅಕ್ಕ.’

ಅವಳ ಕೈಯಲ್ಲಿದ್ದ ಹುರಿಹಿಟ್ಟಿನ ಉಂಡೆ ಹಿಡಿ ಬಿಗಿಯಾಗಿ ಪುಡಿಯಾಗಿ ಮಡಿಲಿಗೆ ಉದುರಿತ್ತು. ಅದನ್ನು ಒಂದೊಂದೇ ಚೂರು ಹೆಕ್ಕಿ ತಿಂದಳು. ಸೂರ್ಯ ಮುಳುಗಿದ. ಕಮಾನು ನೋಡಲು ಹೋದವರು ವಾಪಸ್ಸು ಬಂದು, ಎಂಥ ಚೆಂದ, ನೀವು ತಪ್ಪಿಸಿಕೊಂಡಿರಿ ಎಂದರು.

ಲತಾಮಣಿ ಸುಳ್ಳು ಹೇಳುತ್ತಿದ್ದಾಳೆ ಎಂದು ಬರೆಯಲೆಂದೇ ಪೆನ್ನು ತೆಗೆದೆ. ಆ ಸೀರೆ ಹೇಗೆ ಅವಳ ಮೈಮೇಲೆ ಬಂತೆಂದು ನಾನು ಯಾವತ್ತೂ ಅವರನ್ನು ಕೇಳಲಿಲ್ಲ. ಪೆಟ್ಟಿಗೆಯ ಬೀಗದ ಕೈ ಇದ್ದದ್ದು ನನ್ನ ಸೊಂಟದಲ್ಲಿ, ಇನ್ನೊಂದು ಅವರ ಹತ್ತಿರ. ಅಷ್ಟು ಸಣ್ಣ ಲೆಕ್ಕ.

ಫೆಬ್ರುವರಿ ೯, ಭಾನುವಾರ

ಭರತಪುರ ಬೀಚು. ನೀರು ಬಹಳ ದೂರ ಹಿಂದೆ ಸರಿದಿತ್ತು. ಎಳನೀರು ಸಪ್ಪೆ. ಬಿಸಿಲು.

ಬ್ಯಾಗಿನಲ್ಲಿ ನನ್ನ ಫೋನು ಬಡಿಯಿತು. ತೆಗೆದು ಹೆಸರು ನೋಡಿ ವಾಪಸ್ಸು ಇಟ್ಟೆ. ನಿಂತಿತು. ಮತ್ತೆ ಬಡಿಯಿತು, ನಿಂತಿತು. ಆಮೇಲೆ ಲತಾಮಣಿಯದು ಶುರುವಾಯಿತು.

‘ಬೇಕಾದ್ರೆ ಎತ್ತು’ ಎಂದೆ.

‘ಏನಂತಾರೆ? ಸಾರಿಲ್ಲ ಅಂತಾರೆ’ ಎಂದಳು. ಎತ್ತಲಿಲ್ಲ.

ಅವಳ ಕಟ್ಟು ಬಿಚ್ಚಿ ನೋಡಿದೆ, ಕೀವಾಗಿಲ್ಲ. ಮರಳು ಸೇರದಂತೆ ಮತ್ತೆ ಕಟ್ಟಿದೆ. ಸುಮ್ಮನೆ ಬಿಟ್ಟರೆ ನಾಳೆ ವಿಮಾನದಲ್ಲಿ ನನ್ನ ತಲೆ ತಿನ್ನುತ್ತಾಳೆ.

ಫೆಬ್ರುವರಿ ೧೧, ಮಂಗಳವಾರ
ಸೋಲೂರು

ನಿನ್ನೆ ಸಂಜೆ ಟಿಟಿ ಗಾಡಿ ಸರ್ಕಲ್‌ನಲ್ಲಿ ನಿಂತಾಗ ಬಸವಲಿಂಗಯ್ಯ ಸ್ಕೂಟರ್ ಇಟ್ಟುಕೊಂಡು ಕಾಯುತ್ತಿದ್ದರು. ಇಸ್ತ್ರಿ ಅಂಗಿ, ಹೊಸ ಹೇರ್‌ಡೈ. ನಾನು ಇಳಿದೆ. ನನ್ನ ಬ್ಯಾಗು ತೆಗೆದುಕೊಂಡು, ಗಾಡಿಯೊಳಗೆ ಬಗ್ಗಿ ಕೊನೆಯ ಸೀಟಿನ ಕಡೆ ಕೈ ಬೀಸಿದರು. ‘ಇವ್ಳನ್ನ ಬುಟ್ಬುಟ್ಟು ಹಿಂದ್ಲೇ ಬತ್ತೀನಿ ಕಣೆ’ ಎಂದರು. ಲತಾಮಣಿ ಕಿಟಕಿಯ ಆಚೆ ನೋಡುತ್ತಾ ಕೂತಿದ್ದಳು. ಬೈರಮ್ಮ ಕೂಡ ಬಾಯಿ ಬಿಡಲಿಲ್ಲ.

ದಾರಿಯಲ್ಲಿ ಕೇಳಿದರು: ‘ಎಂಗಿತ್ತು ಸಮುದ್ರ?’

‘ಉಪ್ಪು’ ಎಂದೆ.

ಇನ್ನೂ ಏನೂ ಕೇಳಿಲ್ಲ. ದಾರಿಯಲ್ಲೇ ಕೇಳಿದ್ದರೆ ಸ್ಕೂಟರ್ ಓಡಿಸುತ್ತಲೇ ಏನೋ ಒಂದು ಹೊಸೆದು ಹೇಳಿಬಿಡುತ್ತಿದ್ದರು. ಶುಕ್ರವಾರ ಮನೆಗೆ ಬರಲಿ, ಎದುರಿಗೆ ಕೂರಿಸಿಕೊಂಡು ಕೇಳುತ್ತೇನೆ.

ಫೆಬ್ರುವರಿ ೧೪, ಶುಕ್ರವಾರ

ಹೊತ್ತಿಗೆ ಸರಿಯಾಗಿ ಬಂದ. ಕಾಲು ತೊಳೆದು ಜಗಲಿಯಲ್ಲಿ ಕೂತು ಕಾಫಿ ಕುಡಿದ. ಲೋಟ ಕೆಳಗಿಟ್ಟ ಮೇಲೆ ಕೇಳಿದೆ.

‘ಲತಾಗೆ ನನ್ನ ಹಸಿರು ಸೀರೆ ಯಾರು ಕೊಟ್ಟಿದ್ದು?’

‘ಯಾವ ಸೀರೆ?’

‘ಕುದೂರಿಗೆ ತಕ್ಕೊಂಡು ಹೋಗಿದ್ರಲ್ಲ, ಅದು.’

ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮುಖ ಒದ್ದೆ ಇರಲಿಲ್ಲ. ‘ಓಹೋ. ಇಬ್ರೂ ಕೂತ್ಕಂಡು ಇದ್ನೇ ಕೆದಕ್ತಿದ್ರಾ? ಅದ್ಕೇ ಫೋನ್ ಎತ್ತುತಿರ್ಲಿಲ್ವಾ? ಇದ್ಕಾ ನಾನು ಅಷ್ಟು ದೂರ ಕಳ್ಸಿದ್ದು?’

‘ಹೇಳಿ.’

‘ಏನ್ ಹೇಳ್ಲಿ? ನಮ್ಮವ್ವ ವಂಶ ವಂಶ ಅಂತ ಬಡ್ಕತಿದ್ಲು. ಕುದೂರಿನೋರೂ ಒಪ್ಬೇಕು, ನೀನೂ ಒಪ್ಬೇಕು. ಅಲ್ಲಿಗೊಂದು, ಇಲ್ಲಿಗೊಂದು, ಒಸಿ ಆಚೀಚೆ ಹೇಳ್ದೆ. ಯಾರ್ ಮನೆ ಮುರೀತು ಅದ್ರಿಂದ? ಇಬ್ರಿಗೂ ಮನೆ ಐತೆ, ಉಣ್ಣಾಕೈತೆ. ಈ ವಯಸ್ನಾಗೆ ವಿಮಾನ ಹತ್ಸಿ ಸಮುದ್ರ ತೋರುಸ್ದೆ. ಯಾವನ್ ತೋರುಸ್ತಾನೆ ಎರ್ಡು ಹೆಂಡ್ರಿಗೂ?’

‘ಆ ಹುಡುಗಿ ನನ್ನ ಕಾಲಿಗೆ ಬೀಳೋಕೆ ಬಂದಿದ್ಲು. ನಾನು ಬಾಗ್ಲು ಹಾಕ್ದೆ.’

‘ಹಾಕ್ದೋಳು ನೀನು. ನಾನಾ ಹಾಕು ಅಂದೆ?’

ಅದು ನಿಜ. ಆ ಸದ್ದನ್ನು ನೆನೆನೆನೆದು ಹಿತಪಟ್ಟವಳೂ ನಾನೇ. ಒಳಗೆ ಹೋಗಿ ಮೊಳೆಗೆ ನೇತುಹಾಕಿದ್ದ ಸ್ಕೂಟರ್ ಕೀ ತಂದು ಅವನ ಪಕ್ಕ ಜಗಲಿಯ ಮೇಲೆ ಇಟ್ಟೆ.

‘ಹೋಗಿ’ ಎಂದೆ.

‘ಎಲ್ಲಿಗೆ? ಇವತ್ತು ಶುಕ್ರವಾರ.’

‘ನಂಗೂ ಗೊತ್ತು.’

ಸ್ವಲ್ಪ ಹೊತ್ತು ಕೂತೇ ಇದ್ದ. ನಾನು ಕಾಫಿ ಲೋಟ ತೊಳೆದಿಟ್ಟೆ, ಒಲೆಯ ಮೇಲೆ ಎಸರಿಟ್ಟೆ. ಮುದ್ದೆಗೆ ಒಬ್ಬಳಿಗೆ ಆಗುವಷ್ಟೇ ಹಿಟ್ಟು ಹಾಕಿದ್ದನ್ನು ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಎದ್ದ. ‘ಮಾಗ್ಡೀಲೇನು ಅನ್ನ ಇಲ್ವಾ? ಬುದ್ಧಿ ಬಂದಾಗ ಫೋನ್ ಮಾಡು’ ಎಂದು ಹೇಳಿ ಹೋದ. ಸ್ಕೂಟರಿನ ಸದ್ದು ದೂರವಾಗುವವರೆಗೂ ಮುದ್ದೆ ತಿರುವುತ್ತಿದ್ದೆ. ಗಂಟಾಯಿತು. ಗಂಟು ಮುದ್ದೆಯನ್ನೇ ಉಂಡೆ.

ಏಳೂವರೆಯ ಹೊತ್ತಿಗೆ ಲತಾ ಫೋನ್ ಮಾಡಿದಳು. ನನಗೆ ಅವಳಾಗಿ ಫೋನ್ ಮಾಡಿದ್ದು ಇದೇ ಮೊದಲು. ಟೂರಿನಲ್ಲಿ ಕಳೆದುಹೋಗಬಾರದೆಂದು ಯಶೋಧಾ ಎಲ್ಲರ ನಂಬರನ್ನೂ ಎಲ್ಲರಿಗೂ ಹಾಕಿಸಿದ್ದಳು. ಪಿಸುಗುಟ್ಟಿದಳು: ‘ಅಕ್ಕ, ಬಂದವ್ರೆ. ಬಾಗ್ಲು ತಟ್ತಾವ್ರೆ.’

‘ತೆಗೀಬೇಕು ಅನ್ಸಿದ್ರೆ ತೆಗಿ. ನನ್ನನ್ನ ಯಾಕೆ ಕೇಳ್ತೀಯ?’

ಅವಳು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ. ಅವಳ ಉಸಿರು ಕೇಳುತ್ತಿತ್ತು, ಅದರ ಹಿಂದೆ ಬಾಗಿಲ ಸದ್ದು. ‘ಲತಾ. ಲೇ, ಲತಾ. ಒಳ್ಗೇ ಇದ್ದೀಯ, ಲೈಟ್ ಉರೀತೈತೆ. ಬಾಗ್ಲು ತೆಗಿ.’ ಮತ್ತೆ ಬಡಿತ. ಆಮೇಲೆ ದನಿ ಬದಲಾಯಿತು, ಮೆತ್ತಗಾಯಿತು. ಆ ದನಿ ನನಗೆ ಗೊತ್ತು.

‘ಆ ರೇವಿ ಮಾತು ಕಟ್ಕೊಬ್ಯಾಡ ಕಣೆ. ನಿನ್ನ ಕಂಡ್ರೆ ಅವ್ಳಿಗೆ ಮೊದ್ಲಿಂದ್ಲೂ ಆಗಾಕಿಲ್ಲ. ಈಗ್ತಾನೆ ನಿನ್ನ ಬಾಯಿಗೆ ಬಂದಂಗೆ ಬೈದ್ಲು, ತಡೀನಾರ್ದೆ ಎದ್ದು ಬಂದೆ. ನಿನ್ನ ಬುಟ್ರೆ ನಂಗ್ಯಾರವ್ರೆ?’

ಇಬ್ಬರೂ ಕೇಳಿಸಿಕೊಂಡೆವು. ನಾನು ಬೈದಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಲತಾ ಮಾತಾಡಿದಳು. ಈ ಸಲ ಪಿಸುಗುಟ್ಟಲಿಲ್ಲ, ಹೊರಗಿದ್ದವನಿಗೂ ಕೇಳಿಸಿರಬೇಕು.

‘ಅಕ್ಕ, ಊಟ ಆಯ್ತಾ?’

‘ಆಯ್ತು. ನಿಂದು?’

‘ಇನ್ನೂ ಇಲ್ಲ. ಬಿಸಿಯಾಗೈತೆ, ಈಗ ಇಕ್ಕೋಬೇಕು.’

‘ಉಣ್ಣು ಮೊದ್ಲು. ಆರೋಯ್ತದೆ.’

ಅವಳು ಫೋನನ್ನು ಎಲ್ಲೋ ಪಕ್ಕದಲ್ಲಿಟ್ಟಳು. ತಟ್ಟೆ ಇಟ್ಟ ಸದ್ದು, ಸೌಟಿನ ಸದ್ದು. ಬಾಗಿಲು ಇನ್ನೂ ಬಡಿಯುತ್ತಿತ್ತು. ಅವಳು ಉಂಡು ಮುಗಿಸುವವರೆಗೆ ನಾನು ಕಿವಿಯಿಂದ ಫೋನು ತೆಗೆಯಲಿಲ್ಲ.